ಎಡಕ್ಕೆ ವಾಲಿದ ಸಹಿ

ಆಲ್ಡರ್ ಬೆಂಡ್, ನೆಬ್ರಾಸ್ಕಾ
18 ಮಾರ್ಚ್ 1976, ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೆಮ್ಮು ಒಂದಿಷ್ಟಾದರೂ ತಗ್ಗಿತೇ? ದಿಂಬು ಎತ್ತರ ಮಾಡಿಕೊಂಡು ಮಲಗಿ ಎಂದು ಆ ನರ್ಸಮ್ಮ ಹೇಳಿದ್ದನ್ನು ಕೇಳುತ್ತಿದ್ದೀಯೋ, ಇಲ್ಲ ಎಂದಿನಂತೆ "ನಂಗೊತ್ತು ಬಿಡಮ್ಮ" ಎಂದು ಅವರನ್ನು ಓಡಿಸುತ್ತಿದ್ದೀಯೋ? ಊಟ ಸೇರುತ್ತಿದೆಯೇ? ಮಂಗಳವಾರ ಎದೆಯ ಆಪರೇಷನ್ ಎಂದರೆ ಹಿಂದಿನ ದಿನದಿಂದಲೇ ಬಾಯಿಗೆ ಏನೂ ಕೊಡುವುದಿಲ್ಲವಂತೆ. ಅದಕ್ಕೆ ಮುಂಚೆ ಚೆನ್ನಾಗಿ ತಿಂದುಕೋ. ಒಮಾಹಾದಲ್ಲಿ ಚಳಿ ಬಿಟ್ಟಿದೆಯೋ ಇಲ್ಲವೋ ಗೊತ್ತಿಲ್ಲ, ಇಲ್ಲಿ ಹಿಮವೆಲ್ಲ ಕರಗಿ ರಸ್ತೆ ಕೆಸರಾಗಿದೆ. ನದಿಗೆ ಕ್ರೌಂಚಗಳು ಬಂದಿಳಿದಿವೆ. ಹಗಲಿಡೀ ಕಟಾವಾದ ಜೋಳದ ಹೊಲಗಳಲ್ಲಿ ಹೆಕ್ಕುತ್ತಾ ಕೂಗುತ್ತಿರುತ್ತವೆ. ನೀನು ಟಪಾಲು ಗಾಡಿ ನಿಲ್ಲಿಸಿ ಅವನ್ನು ನೋಡುತ್ತಾ ನಿಂತು, ಅರ್ಧ ಊರಿನ ಕಾಗದಗಳನ್ನು ತಡಮಾಡಿ ಬೈಸಿಕೊಳ್ಳುತ್ತಿದ್ದದ್ದು ನೆನಪಾಯಿತು. ನಿನ್ನ ಬದಲಿಗೆ ಬಂದಿರುವವನು ಹಕ್ಕಿ ನೋಡುವುದಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾನೆ, ಆದರೆ ನಮ್ಮ ಕಾಗದ ಪಕ್ಕದ ಮನೆಗೂ ಪಕ್ಕದ ಮನೆಯದು ನಮಗೂ ಹಾಕುತ್ತಾನೆ. "ಲಾಡ್ ಇದ್ದಿದ್ರೆ ಲಕೋಟೆ ಮೇಲಿನ ಬರಹ ನೋಡೇ ಯಾರ ಮನೆ ಸುದ್ದಿ ಅಂತ ಹೇಳೋನು" ಎಂದು ಜನ ನಿನ್ನನ್ನು ದಿನಕ್ಕೊಮ್ಮೆ ನೆನೆಯುತ್ತಾರೆ.

ಪುಟ್ಟ ಎಮಿಲ್ ಚೆನ್ನಾಗಿದ್ದಾನೆ. ಚೆನ್ನಾಗಿದ್ದಾನೆ ಎಂದು ಡಾಕ್ಟರು ಹೇಳುತ್ತಾರೆ, ನಿನ್ನ ಅಳಿಯ ಡ್ವೇನ್ ಹೇಳುತ್ತಾನೆ, ತೂಕದ ತಕ್ಕಡಿಯೂ ಹೇಳುತ್ತದೆ. ನನಗೆ ಮಾತ್ರ ನಂಬಿಕೆ ಬರುವುದಿಲ್ಲ. ಅವನು ಅತ್ತರೆ ಯಾಕೆ ಅಳುತ್ತಾನೆ ಎಂದು ಹೆದರಿಕೆ, ಮಲಗಿದರೆ ಯಾಕಿಷ್ಟು ಮಲಗುತ್ತಾನೆ ಎಂದು ಹೆದರಿಕೆ. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ನೋಡಿ ನನ್ನ ನಿದ್ದೆಯೆಲ್ಲ ಹೋಗಿದೆ. "ನೀನು ಹಿಂಗೆ ಕಾವಲು ಕಾಯ್ತಿದ್ರೆ ಮಗೂಗೆ ನಾವೇನು ಕಳ್ಳರು ಅಂತ ಅನ್ಸತ್ತೆ" ಎಂದು ಡ್ವೇನ್ ರೇಗಿಸುತ್ತಾನೆ. ಮಗು ಯಾವಾಗಲೂ ಎಡಗೈಯಲ್ಲೇ ನನ್ನ ಕೂದಲು ಹಿಡಿಯುತ್ತದೆ ಎಂದೆ. "ಮೂರು ತಿಂಗಳ ಕೂಸಿಗೆ ಎಡ ಯಾವುದು ಬಲ ಯಾವುದು, ಸುಮ್ನಿರೇ" ಎಂದು ನಕ್ಕ. ಈಗಲೂ ತೊಡೆಯ ಮೇಲೆ ಹಾಕಿಕೊಂಡೇ ಬರೆಯುತ್ತಿದ್ದೇನೆ, ಕೆಳಗಿಟ್ಟರೆ ಎಚ್ಚರವಾಗುತ್ತಾನೆ. ಮೇಲಿನ ಸಾಲು ಸೊಟ್ಟಗೆ ಹೋಗಿದೆಯಲ್ಲ, ಅದು ಅವನು ಒದ್ದದ್ದು. ಕ್ಷಮಿಸು, ಹೊಸ ಹಾಳೆ ತೆಗೆದುಕೊಳ್ಳುವಷ್ಟು ಪುರುಸೊತ್ತಿಲ್ಲ.

ಈಗ ನೋಟಿನ ವಿಷಯ. ಶನಿವಾರ ಡ್ವೇನ್ ಅದನ್ನು ನಿನಗೆ ತೋರಿಸಿ ವಾಪಸ್ ತಂದ. ನೀನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದೆಯಂತೆ. ಆಮೇಲೆ ಅದನ್ನು ಹೊದಿಕೆಯ ಮೇಲಿಟ್ಟು, "ಇದು ನಮ್ಮಪ್ಪನ ಕೈ ಅಲ್ಲ. ನಕಲಿ. ಹೋಲ್ಕಂಬ್‌ಗೆ ವಾಪಸ್ ಕಳಿಸಿಬಿಡಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದೆಯಂತೆ. ಕಾನ್ಸಾಸ್ ಸಿಟಿಯ ಆ ಹೋಲ್ಕಂಬ್ ಹಳೆಯ ನೋಟುಗಳ ವ್ಯಾಪಾರ ಮಾಡುವವರು. ನಿನ್ನ ಮಾತಿನ ಮೇಲೆ ನಂಬಿಕೆಯಿಟ್ಟು, ನೋಡಿ ಒಪ್ಪಿಗೆಯಾದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹತ್ತು ದಿನದೊಳಗೆ ಹಿಂದಿರುಗಿಸಿ ಎಂದು ಟಪಾಲಿನಲ್ಲಿ ಕಳಿಸಿದ್ದರು. ಅವರಿಗೂ ಅನುಮಾನವಿತ್ತು. ಕೊಲೊರಾಡೋದ ಯಾರದೋ ಮನೆಯ ಬೈಬಲಿನ ಒಳಗೆ ಸಿಕ್ಕಿತಂತೆ, ಕ್ರಮಸಂಖ್ಯೆ ತುಂಬ ಚಿಕ್ಕದು, ಬ್ಯಾಂಕು ಶುರುವಾದಾಗಿನ ಮೊದಲ ಹಾಳೆಗಳದ್ದು. ಆದರೆ ಸಹಿ ನಿಮ್ಮಲ್ಲಿರುವ ನಾಲ್ಕು ನೋಟುಗಳದಕ್ಕೂ ಹೊಂದುವುದಿಲ್ಲ, ಮಾಸಿದ ಸಹಿಯ ಮೇಲೆ ಯಾರೋ ಎಡಗೈಯವರು ತಿದ್ದಿದಂತಿದೆ, ನಿಮ್ಮಷ್ಟು ಆ ಸಹಿ ಬಲ್ಲವರು ಬೇರೆ ಯಾರೂ ಇಲ್ಲ, ನೀವೇ ಹೇಳಬೇಕು ಎಂದು ಬರೆದಿದ್ದರು. ನೀನು ಹೇಳಿಯೂ ಬಿಟ್ಟೆ. ನಾಡಿದ್ದು ಶನಿವಾರ ಅದು ಟಪಾಲಿಗೆ ಬೀಳಬೇಕು.

ಅಪ್ಪಾ, ಆ ನೋಟುಗಳು ನಿನಗೆ ಏನು ಎಂಬುದು ನನಗೆ ಗೊತ್ತಿಲ್ಲವೇ? ನನಗೆ ಅಕ್ಷರ ಬರುವ ಮೊದಲೇ ನೀನು ತೊಡೆಯ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದೆ. "ನೋಡು ಮಗಾ, ಇಲ್ಲಿ ನಮ್ಮೂರ ಹೆಸರು. ಫಸ್ಟ್ ನ್ಯಾಷನಲ್ ಬ್ಯಾಂಕ್ ಆಫ್ ಆಲ್ಡರ್ ಬೆಂಡ್. ವಾಷಿಂಗ್ಟನ್‌ನಲ್ಲಿ ಅಚ್ಚು ಹಾಕಿ ಹಾಳೆ ಹಾಳೆಯಾಗಿ ರೈಲಲ್ಲಿ ಕಳಿಸೋರು. ಆದ್ರೆ ಬ್ಯಾಂಕಿನ ಕ್ಯಾಷಿಯರ್ ಆಗಿದ್ದ ನಿನ್ನ ತಾತ ಸಹಿ ಹಾಕಿ ಕತ್ತರಿಸೋ ತನಕ ಅದು ಬರೀ ಕಾಗದ. ಸಹಿ ಬಿದ್ದ ಮೇಲೇ ದುಡ್ಡು." ಆ ಮಾತನ್ನು ಹೇಳುವಾಗ ನಿನ್ನ ಮುಖದಲ್ಲಿ ಬರುತ್ತಿದ್ದ ಕಳೆ ನನ್ನ ಕಣ್ಣಿಗೆ ಕಟ್ಟಿದೆ. ನೀನು ಆರು ತಿಂಗಳ ಕೂಸಾಗಿದ್ದಾಗ ವಿಷಮ ಶೀತಜ್ವರದಲ್ಲಿ ತೀರಿಕೊಂಡ ತಂದೆ. ನಿನಗೆ ಮೂರು ವರ್ಷವಾದಾಗ ಮನೆಗೆ ಬೆಂಕಿ ಬಿದ್ದು ಅವರ ಕಾಗದ ಪತ್ರ ಎಲ್ಲ ಸುಟ್ಟುಹೋಯಿತು. ಉಳಿದದ್ದು ಬ್ಯಾಂಕಿನ ಮುಂದೆ ಎಡಗೈಯನ್ನು ಜೇಬಿಗಿಳಿಸಿ ನಿಂತ ಒಂದು ಫೋಟೋ. ಅದೂ ಬ್ಯಾಂಕಿನ ಅಧ್ಯಕ್ಷ ಡೋನ್ ಅವರ ಮನೆಯಿಂದ ಬಂದದ್ದು. "ಠೀವಿ ನೋಡು ನಮ್ಮಪ್ಪಂದು, ಜೇಬಲ್ಲಿ ಕೈ" ಎನ್ನುತ್ತಿದ್ದೆ. ಬ್ಯಾಂಕೂ ಮುಳುಗಿತು. ಕೈಬರಹ ಎಂದು ಎಲ್ಲಾದರೂ ಉಳಿದಿದ್ದರೆ ಊರೂರು ಅಲೆಯಲು ಹೋದ ಆ ನೋಟುಗಳ ಮೇಲೆ ಮಾತ್ರ. ಯುದ್ಧದಿಂದ ಬಂದ ವರ್ಷ ಮೊದಲನೆಯದು ಸಿಕ್ಕಿತು, ಮೂವತ್ತು ವರ್ಷದಲ್ಲಿ ಇನ್ನೂ ಮೂರು. ಬೇರೆಯವರ ಅಪ್ಪಂದಿರು ರಜೆಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದರು. ನೀನು ಅಮ್ಮನನ್ನೂ ನನ್ನನ್ನೂ ಕಾರಿನಲ್ಲಿ ಹಾಕಿಕೊಂಡು ಯಾವುದೋ ಊರಿನ ಶಾಲೆಯ ಹಾಲ್‌ನಲ್ಲಿ ನೋಟು ಸಂಗ್ರಹಕಾರರ ಮೇಜುಗಳ ನಡುವೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಅಮ್ಮ ತೀರಿಕೊಳ್ಳುವ ಮುಂಚಿನ ವರ್ಷವೂ ಹೋಗಿದ್ದೆವು. ನಾಲ್ಕರಲ್ಲಿ ನಿನಗೆ ತೀರ ಪ್ರೀತಿಯದು ಕೊನೆಯದು, ಸಹಿಯ ಬಾಲ ಕಲಸಿಹೋಗಿದೆಯಲ್ಲ, ಅದು. "ಜ್ವರ ಬಂದಾಗ ಹಾಕಿದ್ದು. ಕೈ ನಡುಗಿದೆ ಪಾಪ" ಎಂದು ಅದನ್ನು ತೋರಿಸುವಾಗ ಪ್ರತಿಸಲವೂ ದನಿ ಇಳಿಸುತ್ತಿದ್ದೆ. ಈಗ ಆಸ್ಪತ್ರೆಯಲ್ಲೂ ನಾಲ್ಕನ್ನೂ ಮಂಚದ ಪಕ್ಕದಲ್ಲೇ ಇಟ್ಟುಕೊಂಡಿದ್ದೀಯ. ಅವನ್ನು ಕೈಗೆ ತೆಗೆದುಕೋ ಅಪ್ಪಾ. ಪಕ್ಕದಲ್ಲಿಟ್ಟುಕೊಂಡು ಮುಂದಿನದನ್ನು ಓದು. ನಿಧಾನವಾಗಿ ಓದು. ಎದೆ ಬಿಗಿಯಿತು ಅನಿಸಿದರೆ ನಿಲ್ಲಿಸಿ ನೀರು ಕುಡಿ.

ಅಜ್ಜಿಯ ಬಗ್ಗೆ ಬರೆಯಬೇಕು. ನಿನಗೆ ಇಷ್ಟವಿಲ್ಲವೆಂದು ಗೊತ್ತು. ಒಂದೇ ಊರಿನಲ್ಲಿದ್ದು, ನಿನ್ನ ಅಮ್ಮನ ಮನೆಯ ಪೆಟ್ಟಿಗೆಗೆ ಟಪಾಲು ಹಾಕಿ ಮೆಟ್ಟಿಲು ಹತ್ತದೆ ಹೋಗುತ್ತಿದ್ದವನು ನೀನು. ಅವಳು ಕಿಟಕಿಯಲ್ಲಿ ನಿಂತಿರುವುದು ಕಂಡರೂ ಟೋಪಿ ಮುಟ್ಟಿ ಮುಂದೆ ಹೋಗುತ್ತಿದ್ದೆ, ಬೇರೆ ಗಿರಾಕಿಗಳಿಗೆ ಮಾಡುವ ಹಾಗೆ. ಅಪ್ಪ ಸತ್ತ ಐದನೆಯ ವರ್ಷಕ್ಕೆ ಕಸಾಯಿ ಅಂಗಡಿಯ ಕುಚೆರಾನನ್ನು ಮದುವೆಯಾದಳು, ಮರೆತೇಬಿಟ್ಟಳು ಎಂಬುದು ನಿನ್ನ ಸಿಟ್ಟು. ಕುಚೆರಾ ಹೋಗಿಯೇ ಇಪ್ಪತ್ತು ವರ್ಷವಾಯಿತು, ಸಿಟ್ಟು ಹೋಗಲಿಲ್ಲ. ಅದಕ್ಕಿಂತ ದೊಡ್ಡದು ಆ ಮೊದಲ ನೋಟಿನ ದಿನ. ಸೇನೆಯ ಬಟ್ಟೆಯಲ್ಲೇ ಅವಳ ಅಡುಗೆಮನೆಗೆ ಓಡಿಹೋಗಿ, "ಅಮ್ಮಾ, ಅಪ್ಪನ ಸಹಿ ಸಿಕ್ತು, ನೋಡಿಲ್ಲಿ" ಎಂದೆ. ಅವಳು ಒಂದು ಸಲ ನೋಡಿದಳು, ಒಲೆಯ ಕಡೆ ತಿರುಗಿ ಸಾರು ತಿರುವುತ್ತಾ ನಿಂತಳು. ಆಮೇಲೆ ಪ್ರತಿ ಸಲವೂ ಅಷ್ಟೇ. ನಮ್ಮ ಮಗುವಿಗೆ ತಾತನ ಹೆಸರನ್ನೇ, ಎಮಿಲ್ ಎಂದು, ಇಟ್ಟಾಗಲೂ ಎದ್ದು ಹೊರಗೆ ಹೋದಳು. "ಕಲ್ಲು ಕಣೇ ನಿಮ್ಮಜ್ಜಿ" ಎಂದು ನೀನು ನನಗೆ ಹೇಳಿದ್ದನ್ನು ನಾನು ನಂಬಿದ್ದೆ. ಲಿಂಕನ್‌ನಲ್ಲಿ ನಾಲ್ಕು ವರ್ಷ ಇತಿಹಾಸ ಓದಿದೆ. ಕಂಡವರನ್ನು ಕೇಳದೆ ಏನನ್ನೂ ಬರೆಯಬೇಡಿ ಎಂದು ಮೇಷ್ಟ್ರುಗಳು ಹೇಳಿ ಹೇಳಿ ಸೋತರು. ಆ ಕಾಲದಲ್ಲಿ ಇದ್ದವಳು ಎರಡು ಬೀದಿಯಾಚೆ ಇದ್ದಾಳೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮಗು ಹುಟ್ಟಿದ ಮೇಲೆ ಅವಳು ದಿನಾ ಬರುತ್ತಾಳೆ. ಕಣ್ಣಿನ ಪೊರೆ ಬಲಿತು ಎದುರಿನ ಮನುಷ್ಯರೂ ನೆರಳಿನ ಹಾಗೆ ಕಾಣುತ್ತಾರಂತೆ, ಆದರೂ ಗೋಡೆ ಬೇಲಿ ಹಿಡಿದುಕೊಂಡು ಬಂದುಬಿಡುತ್ತಾಳೆ. ಬಂದವಳೇ, "ನಿದ್ದೆಗೆಟ್ಟ ಗೂಬೆ, ಕೊಡಿಲ್ಲಿ ಕೂಸನ್ನ, ಹೋಗಿ ಬಿದ್ಕೋ" ಎಂದು ನನ್ನನ್ನು ಓಡಿಸುತ್ತಾಳೆ. ನಾನು ಮಲಗುವುದಿಲ್ಲ ಎಂಬುದು ಬೇರೆ ಮಾತು. ಮೊನ್ನೆ ಮಂಗಳವಾರ ನಿನಗೆ ಕಳಿಸೋಣವೆಂದು ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚಿ, ಮಾಡಲು ಕೂತಳು. ಹೌದು, ಹೋದ ವಾರ ಡ್ವೇನ್ ತಂದದ್ದೂ ಅವಳು ಮಾಡಿದ್ದೇ. ನೀನೇ ಮಾಡಿದ್ದೆಂದು ಹೇಳು ಎಂದು ನನಗೆ ಹೇಳಿದ್ದಳು, ಇಲ್ಲದಿದ್ದರೆ ನೀನು ಮುಟ್ಟುವುದಿಲ್ಲವೆಂದು. ಅವಳು ಗಸಗಸೆ ಅರೆಯುವ ಗಿರಣಿಯ ಹಿಡಿ ತಿರುಗಿಸುತ್ತಿದ್ದಳು, ನಾನು ಮೇಜಿನ ಇನ್ನೊಂದು ಕೊನೆಯಲ್ಲಿ ಹೋಲ್ಕಂಬ್ ಅವರ ನೋಟನ್ನು ರಟ್ಟಿನ ನಡುವೆ ಇಟ್ಟು ಕಟ್ಟುತ್ತಿದ್ದೆ. ಏನದು ಎಂದು ಕೇಳಿದಳು. ಅಪ್ಪನಿಗೆ ಇನ್ನೊಂದು ನೋಟು ಬಂದಿತ್ತು, ಆದರೆ ಸುಳ್ಳುನೋಟಂತೆ ಎಂದೆ. ಗಿರಣಿ ಓಡುತ್ತಲೇ ಇತ್ತು. ಮಾತಿಗೆ ಮಾತು ಸೇರಿಸುವ ಹಾಗೆ ನಾನೇ ಹೇಳಿದೆ: ಅಕ್ಷರಗಳೆಲ್ಲ ಹಾಗೇ ಇವೆ ಅಜ್ಜಿ, ಆದರೆ ತಾತನ ಸಹಿ ಗಾಳಿಗೆ ಬಾಗಿದ ಪೈರಿನ ಹಾಗೆ ಬಲಕ್ಕೆ ವಾಲುತ್ತದೆ, ಇದರಲ್ಲಿ ಎಡಕ್ಕೆ ವಾಲಿದೆ, ಅದಕ್ಕೇ ಅಪ್ಪ ನಕಲಿ ಅಂದ.

ಗಿರಣಿ ನಿಂತುಹೋಯಿತು.

"ಯಾವ ಕಡೆಗೆ ಅಂದೆ?" ಎಂದಳು. ಎಡಕ್ಕೆ ಎಂದೆ. "ಸರಿಯಾಗಿ ನೋಡಿ ಹೇಳೇ. ಎಡಕ್ಕಾ?" ನಾನು ಕಟ್ಟು ಬಿಚ್ಚಿ ನೋಟು ಅವಳ ಕೈಗೆ ಕೊಟ್ಟೆ. ಅವಳು ಕೈಯನ್ನು ಏಪ್ರನ್ನಿಗೆ ಒರೆಸಿ ಒರೆಸಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದಳು, ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದಳು. ಏನು ಕಂಡಿತೋ ಏನು ಕಾಣಲಿಲ್ಲವೋ. ಬೆರಳಿನಿಂದ ಸಹಿಯ ಜಾಗವನ್ನು ಹುಡುಕುತ್ತಾ ಹುಡುಕುತ್ತಾ "ಎಮಿಲ್" ಎಂದಳು. ನಮ್ಮ ಮಗುವನ್ನು ಕರೆದಳೆಂದುಕೊಂಡೆ. ಅಲ್ಲ.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನದು ಸೇರಿಸುವುದಿಲ್ಲ. "ಅವನು ಎಡಚ ಕಣೇ. ಹುಟ್ಟಾ ಎಡಚ. ಈ ಊರಲ್ಲಿ ಅದನ್ನ ನೆನಪಿಟ್ಟಿರೋಳು ನಾನೊಬ್ಬಳೇ ಉಳಿದಿರೋದು. ಮದುವೆಯಾದ ಮಾರನೇ ವರ್ಷ ಶುರುವಾಯ್ತು. ಪೆನ್ನು ಹಿಡಿದ್ರೆ ಸಾಕು, ಬೆರಳು ಗಕ್ಕಂತ ಮುಷ್ಟಿ ಕಟ್ಕೊಳ್ಳೋವು. ಕುದುರೆ ಲಗಾಮು ಹಿಡೀತಿದ್ದ, ಚಮಚ ಹಿಡೀತಿದ್ದ, ನನ್ನ ಜಡೆ ಹಿಡಿದು ಎಳೀತಿದ್ದ, ಅದಕ್ಕೆಲ್ಲ ಏನೂ ಆಗ್ತಿರ್ಲಿಲ್ಲ. ಪೆನ್ನು ಮಾತ್ರ ಆಗದು. ಹಾಳೆಗೆ ನಾಲ್ಕು ನೋಟು, ನಾಲ್ಕಕ್ಕೂ ಸಹಿ. ಹಳೇವು ಹರಿದಂಗೆಲ್ಲ ಹೊಸ ಹಾಳೆ ಬರೋವು. ಹಾಕಿ ಹಾಕಿ ಆ ಕೈ ಸವೆದೇಹೋಯ್ತು." ಬಲಗೈಯಲ್ಲಿ ಬರೆಯಬಹುದಿತ್ತಲ್ಲ ಎಂದೆ. "ಬರೆದ. ಕೋಳಿ ಕೆದರಿದಂಗೆ ಬಂತು. ಆ ಡೋನ್ ಸಾಹೇಬ ತನಗೆ ಮಾತ್ರ ರಬ್ಬರ್ ಮೊಹರು ಮಾಡಿಸ್ಕೊಂಡಿದ್ದ. ಇವನೂ ಕೇಳಿ ನೋಡಿದ. 'ಎರಡೂ ಮೊಹರಾದ್ರೆ ನಮ್ಮ ನೋಟನ್ನ ಜನ ನಾಟಕದ ಟಿಕೇಟು ಅಂದ್ಕೋತಾರೆ, ಕ್ಯಾಷಿಯರ್ ಆದೋನು ಶಾಯಿಯಲ್ಲೇ ಹಾಕ್ಬೇಕು' ಅಂದ. ಸಹಿ ಹಾಕೋಕೆ ಬರ್ದೇ ಇರೋ ಕ್ಯಾಷಿಯರನ್ನ ಯಾರು ಇಟ್ಕೋತಾರೆ ಹೇಳು."

ಆಮೇಲೆ ತಾತ ಹಾಳೆಗಳನ್ನು ಕೋಟಿನ ಒಳಗೆ ಮನೆಗೆ ತರಲು ಶುರುಮಾಡಿದರಂತೆ, ಕತ್ತರಿಸುವ ನೆಪದಲ್ಲಿ. ಹೊಲಿಗೆಯ ಕತ್ತರಿಯಿಂದ ನೋಟು ಕತ್ತರಿಸುತ್ತಿದ್ದವಳು ಅಜ್ಜಿ ಎಂಬುದು ಊರಿಗೆ ಗೊತ್ತಿತ್ತು, ನಿನಗೂ ಗೊತ್ತಿದೆ. ಸಹಿ ಹಾಕುತ್ತಿದ್ದವಳೂ ಅವಳೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ತಾತ ಮೊದಲು ಸಹಿ ಹಾಕಿದ್ದ ಒಂದು ನೋಟನ್ನು ಕಿಟಕಿಯ ಗಾಜಿಗೆ ಒತ್ತಿ, ಅದರ ಮೇಲೆ ತೆಳು ಕಾಗದ ಇಟ್ಟು ತಿದ್ದಿ ತಿದ್ದಿ ಕಲಿತಳಂತೆ. ಅಕ್ಷರ ಬಂತು, ಬಾಲ ಬಂತು, ವಾಲುವುದು ಮಾತ್ರ ಬರಲಿಲ್ಲ. ಬಲಗೈಯವಳ ಬರಹ ಬಲಕ್ಕೇ ಹೋಯಿತು. ಅಳುತ್ತಾ ತೋರಿಸಿದರೆ ತಾತ ನಕ್ಕು, "ವಾಲಿದ್ರೆ ವಾಲ್ಲಿ ರೂಜೆನಾ, ನನ್ನ ಕಡೆಯಿಂದ ನಿನ್ನ ಕಡೆಗೆ ತಾನೇ ವಾಲಿರೋದು" ಎಂದರಂತೆ. ಇದನ್ನು ಹೇಳುವಾಗ ಎಂಬತ್ತು ದಾಟಿದ ಅಜ್ಜಿಯ ಮುಖ ಹೇಗಾಯಿತು ಎಂದು ನೀನು ನೋಡಬೇಕಿತ್ತು. ಯಾರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. "ದುಡ್ಡು ಎಣಿಸೋರು ಅಂಕಿ ನೋಡ್ತಾರೆ. ಸಹಿ ಯಾರು ನೋಡ್ತಾರೆ? ನನ್ನ ಮಗನೊಬ್ಬನ್ನ ಬಿಟ್ಟು" ಎಂದಳು. ಯಾರಾದರೂ ಪೆನ್ನು ಕೊಟ್ಟುಬಿಟ್ಟಾರು ಎಂಬ ಹೆದರಿಕೆಗೆ ತಾತ ಬ್ಯಾಂಕಿನಲ್ಲಿ ಎಡಗೈಯನ್ನು ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲವಂತೆ. ಠೀವಿಯಲ್ಲ ಅಪ್ಪಾ ಅದು.

ನಿನ್ನ ನಾಲ್ಕೂ ನೋಟುಗಳು ದೊಡ್ಡ ಸಂಖ್ಯೆಯವು, ಅವಳು ಮದುವೆಯಾಗಿ ಬಂದ ಮೇಲಿನವು. ನಾಲ್ಕೂ ಬಲಕ್ಕೆ ವಾಲಿವೆ.

ನಾನು ಆ ಕಲಸಿಹೋದ ನೋಟಿನ ವಿಷಯ ಕೇಳಿದೆ. ಕೇಳಬಾರದಿತ್ತೇನೋ. ಜ್ವರದಲ್ಲಿ ತಾತನ ಕೈ ನಡುಗಿತು ಎಂದು ಅಪ್ಪ ಹೇಳುತ್ತಾನಲ್ಲ, ಅದು ಯಾರು ಹಾಕಿದ್ದು ಎಂದೆ. ಅವಳು ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು. "ಆ ಕೋಣೆಯಲ್ಲಿ ಎಮಿಲ್ ಜ್ವರದಲ್ಲಿ ಬಿದ್ದಿದ್ದ. ಈ ಕಡೆ ಹಾಳೆ ಬಂದು ಕೂತಿತ್ತು. ಮುಗಿಸಿ ಕಳಿಸ್ದಿದ್ರೆ ಡೋನ್ ಮನೆ ಹತ್ರ ಬರೋನು, ಬಂದ್ರೆ ಗೊತ್ತಾಗೋದು. ಲಾಡ್ ಹಾಲು ಕುಡೀತಾ ತೊಡೆ ಮೇಲಿದ್ದ. ನಾನು ಒಂದು ಕೈಯಲ್ಲಿ ಅವನನ್ನ ಹಿಡ್ಕೊಂಡು ಇನ್ನೊಂದರಲ್ಲಿ ಬರೀತಿದ್ದೆ. ಒದ್ದ. ಹಸಿ ಶಾಯಿ ಮೇಲೆ ಕಾಲು ಬಿತ್ತು. ಹಿಮ್ಮಡಿ ನೀಲಿಯಾಗಿತ್ತು, ಎರಡು ದಿನ ಹೋಗ್ಲಿಲ್ಲ. ಆ ಹಿಮ್ಮಡಿ ಬೆಳ್ಳಗಾಗೋ ಹೊತ್ತಿಗೆ ಎಮಿಲ್ ಹೋಗಿದ್ದ."

ಅಪ್ಪಾ, ಆ ಮಸಿ ನೀನು. ನಿನ್ನ ತಂದೆಯ ಕೈ ನಡುಗಿದ್ದಲ್ಲ. ನೀನು ಹಾಲು ಕುಡಿಯುತ್ತಾ ಒದ್ದದ್ದು. ಇಷ್ಟು ವರ್ಷಗಳಿಂದ ನೀನು ಭೂತಗನ್ನಡಿಯಲ್ಲಿ ನೋಡುತ್ತಿರುವುದು ನಿನ್ನದೇ ಕಾಲನ್ನು, ನಿನ್ನ ಅಮ್ಮನ ತೊಡೆಯ ಮೇಲೆ.

ಮೊದಲ ನೋಟು ತಂದ ದಿನವೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ. ನನಗೆ ಅಳು ಬರುತ್ತಿತ್ತು, ಮಗುವೂ ಎದ್ದು ಅಳತೊಡಗಿತು. ಅವಳು ಮಾತ್ರ ಸಮಾಧಾನವಾಗಿ ಹಿಟ್ಟು ನಾದುತ್ತಾ ಹೇಳಿದಳು. "ಯಾರಿಗೂ ಹೇಳಲ್ಲ ಅಂತ ಎಮಿಲ್‌ಗೆ ಮಾತು ಕೊಟ್ಟಿದ್ದೆ. ಅದು ಹೋಗ್ಲಿ, ಸತ್ತೋರಿಗೆ ಕೊಟ್ಟ ಮಾತು ಮುರಿದ್ರೆ ಅವರೇನು ಬಂದು ಕೇಳ್ತಾರಾ. ಆದ್ರೆ ಆ ಹುಡುಗ ನೋಟನ್ನ ಕೆನ್ನೆಗೆ ಒತ್ಕೊಂಡಿದ್ದ ಕಣೇ. ಅಪ್ಪ ಸಿಕ್ಕಿದ ಅಂತ. ಅವನ ಕೈಯಿಂದ ಅಪ್ಪನ್ನ ಕಿತ್ಕೊಂಡು, ಇದು ನಾನು ಕಣೋ ಅನ್ಲಾ? ಅವನಿಗೆ ಬೇಕಾಗಿದ್ದು ಎಮಿಲ್. ನಾನು ಹೆಂಗೂ ಇದ್ನಲ್ಲ." ಆಮೇಲೆ ಕೈಯ ಹಿಟ್ಟು ಕೊಡವಿ ನನ್ನ ಕಡೆ ತಿರುಗಿ, "ನೀನೂ ಹೇಳ್ಕೂಡ್ದು. ಮಂಗಳವಾರ ಅವನ ಎದೆ ಕುಯ್ತಾರೆ. ಆ ನಾಲ್ಕು ಕಾಗದ ಇಟ್ಕೊಂಡು ನೆಮ್ಮದಿಯಾಗಿ ಹೋಗ್ಲಿ ಒಳಗೆ. ಇದನ್ನ ವಾಪಸ್ ಕಳಿಸು. ನಾನು ಮುಟ್ಟಿದ್ನಲ್ಲ, ನನಗೆ ಅಷ್ಟು ಸಾಕು" ಎಂದಳು. ಅಷ್ಟು ಹೇಳಿ, ಬಾಣಲೆಯೂ ಇಲ್ಲದ ಖಾಲಿ ಒಲೆಯ ಕಡೆ ತಿರುಗಿ ನಿಂತಳು.

ಎರಡು ದಿನ ಯೋಚಿಸಿದೆ. ಹೇಳಿದರೆ ನಿನ್ನ ನಾಲ್ಕು ಅಪ್ಪಂದಿರನ್ನು ಕಿತ್ತುಕೊಂಡು ಒಬ್ಬರನ್ನು ಕೊಟ್ಟ ಹಾಗೆ. ಹೇಳದಿದ್ದರೆ ಆ ಒಬ್ಬರನ್ನು ನಕಲಿ ಎಂದು ಟಪಾಲಿಗೆ ಹಾಕಿದ ಹಾಗೆ. ಆಪರೇಷನ್‌ಗೆ ಮುಂಚೆ ಇಂಥ ಸುದ್ದಿ ಕೊಟ್ಟು ನಿನ್ನ ಎದೆಗೆ ಏನಾದರೂ ಆದರೆ ಅದರ ಹೊಣೆ ನನ್ನದು. ಎಂಥ ಹೆದರುಪುಕ್ಕಲಿ ನಾನು ಎಂಬುದು ನಿನಗೆ ಗೊತ್ತು. ಆದರೆ ಈ ಕೂಸಿನ ಮುಖ ನೋಡುತ್ತಾ ಕೂತಾಗ ಬೇರೆಯದೇ ಹೆದರಿಕೆ ಹಿಡಿದುಕೊಂಡಿತು. ನಾಳೆ ಇವನ ಒಳ್ಳೆಯದಕ್ಕೇ ಎಂದು ನಾನೂ ಏನನ್ನೋ ನುಂಗಿಕೊಂಡು ಸುಮ್ಮನಿರಬಹುದು. ಇವನು ದೊಡ್ಡವನಾಗಿ, ತಲೆ ನರೆತು, ನನ್ನ ಮನೆಯ ಮೆಟ್ಟಿಲು ಹತ್ತದೆ ಟೋಪಿ ಮುಟ್ಟಿ ಹೋಗಬಹುದು. ಆಗ ಯಾರೂ ಇವನಿಗೆ ಹೇಳದೇ ಹೋದರೆ? ಆ ಯೋಚನೆ ಬಂದ ಮೇಲೆ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. ಅಜ್ಜಿ ಕೊಟ್ಟ ಮಾತು ಅವಳದು. ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಒಂದು ಕೆಲಸ ಮಾಡು. ಪೆನ್ನು ತೆಗೆದುಕೊಂಡು ಒಂದು ಕಾಗದದ ಮೇಲೆ ನಿನ್ನ ಸಹಿ ಹಾಕು. ನೀನೂ ಎಡಚನೇ ತಾನೆ. ಶಾಲೆಯಲ್ಲಿ ಟೀಚರು ನಿನ್ನ ಎಡಗೈಯನ್ನು ದಾರದಿಂದ ಬೆಂಚಿಗೆ ಕಟ್ಟಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ಅಜ್ಜಿ ಹಿಟ್ಟಿನ ಕೈಯಲ್ಲೇ ಶಾಲೆಗೆ ನುಗ್ಗಿ, "ಇನ್ನೊಂದ್ಸಲ ಇವನ ಕೈ ಕಟ್ಟಿದ್ರೆ ನಿಮ್ಮ ಕೈ ಕಟ್ಟಿ ಕೊಟ್ಟಿಗೆಯಲ್ಲಿ ಹಾಕ್ತೀನಿ ಟೀಚರಮ್ಮ" ಎಂದಳಂತಲ್ಲ. ಅಷ್ಟು ಸಣ್ಣ ವಿಷಯಕ್ಕೆ ಅಷ್ಟೊಂದು ಸಿಟ್ಟು ಯಾಕೆ ಎಂದು ನೀನೇ ಆಶ್ಚರ್ಯಪಡುತ್ತಿದ್ದೆಯಂತೆ. ನಿನ್ನ ಸಹಿಯನ್ನು ಆ ಐದನೆಯ ನೋಟಿನ ಪಕ್ಕದಲ್ಲಿಟ್ಟು ನೋಡು. ಈ ಜಿಲ್ಲೆಯ ಯಾವ ಕೈಬರಹವನ್ನಾದರೂ ಲಕೋಟೆಯ ಮೇಲೆ ನೋಡಿ ಗುರುತಿಸುವವನು ನೀನು. ಗುರುತಿಸು.

ಆರೋಗ್ಯ ನೋಡಿಕೋ. ಹೊದಿಕೆ ಒದ್ದು ಮಲಗಬೇಡ. ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರ ಮೇಲೆ ರೇಗಬೇಡ. ಡ್ವೇನ್ ನಿನ್ನನ್ನು ನೆನಪಿಸಿಕೊಂಡಿದ್ದಾನೆ. ಪುಟ್ಟ ಎಮಿಲ್ ತಾತನಿಗೆ ಎರಡೂ ಕೈಯಿಂದ ಮುತ್ತು ಕಳಿಸಿದ್ದಾನೆ. ದೇವರು ನಿನ್ನ ಕೈ ಹಿಡಿದುಕೊಂಡಿರಲಿ, ಮಂಗಳವಾರವೂ, ಆಮೇಲೂ.

ನಿನ್ನ ಪ್ರೀತಿಯ ಮಗಳು,
ಮಾರ್ಲಿಸ್

ಮರೆತಿದ್ದೆ: ಡ್ವೇನ್ ಟ್ರಕ್ಕು ಹೊರಡಿಸಿ ಹಾರ್ನ್ ಮಾಡುತ್ತಿದ್ದಾನೆ, ಟಪಾಲು ಹೋಗುವುದರೊಳಗೆ ಕೊಡಬೇಕು. ನೋಟನ್ನು ವಾಪಸ್ ಕಳಿಸುತ್ತಿಲ್ಲ. ಈ ಪತ್ರದ ಜೊತೆ ರಟ್ಟಿನ ನಡುವೆ ಇಟ್ಟಿದ್ದೇನೆ, ಹೋಲ್ಕಂಬ್ ಅವರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಡ್ವೇನ್ ಅಜ್ಜಿಯನ್ನು ಕರೆದುಕೊಂಡು ಬರುತ್ತಾನೆ. ಬರುವುದಿಲ್ಲ ಎಂದು ಹಟ ಮಾಡಿದಳು, ಬಾಗಿಲಲ್ಲೇ ನಿಂತು ಬರುತ್ತೇನೆ ಎಂದು ಕೊನೆಗೆ ಒಪ್ಪಿದ್ದಾಳೆ. ನಾನು ಬರೆದದ್ದು ಅವಳಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ಅವಳಿಗೆ ಕಣ್ಣು ಕಾಣುವುದಿಲ್ಲ, ನಿನ್ನ ಮಂಚ ಎಲ್ಲಿದೆ ಎಂದು ತಿಳಿಯಬೇಕಾದರೆ ನೀನೇ ಕರೆಯಬೇಕು. ಆ ಕೋಣೆಯಲ್ಲಿ ಅವಳು ತಿರುಗಿ ನಿಲ್ಲಲು ಒಲೆ ಇಲ್ಲ ಅಪ್ಪಾ. ನೀನೂ ಗೋಡೆಯ ಕಡೆ ತಿರುಗಬೇಡ.